ಹಾಡಿಸಿದರೆ ಸಾಲದು, ಮಾತಾಡಿಸಬೇಕು
(ಕೊಳ್ಳೇಗಾಲದ ಸಭೆಯಲ್ಲಿ ಮಾಡಿದ ಭಾಷಣ)



ರೇಡಿಯೋ ಸರ್ಕಾರದ ಸ್ವತ್ತೆಂದು ತಿಳಿದಿದ್ದೇವೆ. ಮೈಸೂರಿನಲ್ಲಿ ಅದು ಹುಟ್ಟಿದ್ದು ಒಬ್ಬ ಮೇಷ್ಟರ ಮನೆಯಲ್ಲಿ. ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರ ಕಲಿಸುತ್ತಿದ್ದ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ 30 ವಾಟ್ ಯಂತ್ರ ಹೂಡಿ ಸಂಗೀತಗಾರರನ್ನೂ ಸಾಹಿತಿಗಳನ್ನೂ ಕರೆದು ಹಾಡಿಸಿದರು, ಮಾತಾಡಿಸಿದರು. ಹಳೆಯ ಬಲ್ಬಿನಷ್ಟೂ ಶಕ್ತಿಯಿಲ್ಲದ ಯಂತ್ರ!

ಆಗ ನಮ್ಮ ಕೊಳ್ಳೇಗಾಲ ಮದರಾಸು ಪ್ರಾಂತದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. 1956ರಲ್ಲಿ ಗಡಿ ಸರಿಯಿತು. ನಮ್ಮವರ ಬಾಯಿಗೆ ಮೈಕು ಸರಿಯಿತೇ? ರಾತ್ರಿಯಿಡೀ ಮಂಟೇಸ್ವಾಮಿ ಕಥೆ ಹಾಡುವ ನೀಲಗಾರರನ್ನೂ ಮಾದಪ್ಪನ ಕಂಸಾಳೆಯವರನ್ನೂ ಅರ್ಧ ಗಂಟೆ ಹಾಡಿಸಿ ಕಳುಹಿಸಿದರೆ ಸಾಲದು. ಗುರು ಯಾರು, ಅಕ್ಷರವಿಲ್ಲದೆ ಇಷ್ಟು ಕಥೆ ಬಾಯಿಗೆ ಹೇಗೆ ಬಂತು, ಜಾತ್ರೆ ಮುಗಿದ ಮೇಲೆ ಹೊಟ್ಟೆಗೇನು ಎಂದು ಪಂಡಿತರನ್ನು ಕೇಳುವಷ್ಟೇ ಮರ್ಯಾದೆಯಿಂದ ಇವರನ್ನೂ ಕೇಳಲಿ.

ಮೈಸೂರು ಆಕಾಶವಾಣಿಗೆ ಬರೆದ ಅರ್ಜಿ ಮೇಜಿನ ಮೇಲಿದೆ. ಹೋಗುವ ಮುನ್ನ ರುಜು ಹಾಕಿ.