ಮುನ್ನಾರಿನ ಬೆಟ್ಟ ಯಾರದು?
(ಕಾರ್ಮಿಕರ ಅಧ್ಯಯನ ವರ್ಗದಲ್ಲಿ ಮಾಡಿದ ಭಾಷಣ)



ಪಾಳಿ ಮುಗಿಸಿ ಬಂದವರೂ ಅಂಗಡಿ ಬಾಗಿಲು ಹಾಕಿ ಬಂದವರೂ ಇಲ್ಲಿ ಕೂತಿದ್ದೀರಿ. ಎಲ್ಲರ ಕೈಯಲ್ಲೂ ಚಹದ ಲೋಟವಿದೆ. ಆ ಸೊಪ್ಪು ಬೆಳೆಯುವ ಒಂದು ಊರಿನ ಸಂಗತಿಯನ್ನು ಇಂದು ಹೇಳಬೇಕೆಂದಿದ್ದೇವೆ.

ಊರು ಮುನ್ನಾರ್, ಕೇರಳದ ಇಡುಕ್ಕಿ ಜಿಲ್ಲೆ, ದೇವಿಕುಳಂ ತಾಲ್ಲೂಕು. ಸುಮಾರು 1,500 ಮೀಟರ್ ಎತ್ತರದಲ್ಲಿ ಮೂರು ಹೊಳೆ ಕೂಡುವ ಜಾಗ. ಹೆಸರು ಬಂದದ್ದೇ ಅದರಿಂದ. ಹತ್ತಿರದಲ್ಲೇ 2,695 ಮೀಟರಿನ ಆನಮುಡಿ. ದಕ್ಷಿಣ ಭಾರತದಲ್ಲಿ ಅದಕ್ಕಿಂತ ಎತ್ತರದ ಶಿಖರವಿಲ್ಲ. ಪ್ರವಾಸಿಗಳು ಮಂಜು ನೋಡಿ ಹೋಗುತ್ತಾರೆ. ನಾವು ಕೇಳಬೇಕಾದ ಪ್ರಶ್ನೆ ಬೇರೆ. ಈ ಬೆಟ್ಟ ಯಾರದು?

ಮೊದಲಿಂದ ಅಲ್ಲಿದ್ದವರು ಮುದುವರು. 1877ರಲ್ಲಿ ಪೂಞ್ಞಾರಿನ ದೊರೆ ಸುಮಾರು 1,37,000 ಎಕರೆಯನ್ನು ಜಾನ್ ಡೇನಿಯಲ್ ಮನ್ರೋ ಎಂಬ ಬಿಳಿಯನಿಗೆ ಗೇಣಿಗೆ ಬರೆದುಕೊಟ್ಟ. ಮುದುವರನ್ನು ಯಾರೂ ಕೇಳಲಿಲ್ಲ. 1897ರಲ್ಲಿ ಕಂಪನಿ ಬಂತು. ದುಡಿಯಲು ತಮಿಳು ಸೀಮೆಯಿಂದ ಮೇಸ್ತ್ರಿಗಳ ಮೂಲಕ ಆಳುಗಳನ್ನು ತಂದರು. ಬಹಳ ಮಂದಿ ದಲಿತರು. ಅವರ ಮರಿಮಕ್ಕಳು ಇಂದಿಗೂ ಅದೇ ಗಿಡದ ಚಿಗುರು ಕೀಳುತ್ತಿದ್ದಾರೆ.

ಆಡಳಿತದ ಮಾತಿಗೆ ಬರೋಣ. ತಮಿಳು ಮಾತಾಡುವ ತಾಲ್ಲೂಕುಗಳು ಮದರಾಸಿಗೆ ಸೇರಬೇಕೆಂದು 1954ರಲ್ಲಿ ಚಳವಳಿ ನಡೆಯಿತು. ತಿರುವಾಂಕೂರಿನ ದಕ್ಷಿಣದಲ್ಲಿ ಗೋಲಿಬಾರಾಗಿ ಜನ ಸತ್ತರು. ಆಗ ಆಳುತ್ತಿದ್ದವರು ಪ್ರಜಾ ಸಮಾಜವಾದಿಗಳೇ, ಪಟ್ಟಂ ತಾಣು ಪಿಳ್ಳೆಯವರ ಮಂತ್ರಿಮಂಡಲ. ರಾಜೀನಾಮೆ ಕೊಡಿ ಎಂದು ಲೋಹಿಯಾ ತಮ್ಮದೇ ಪಕ್ಷದ ಸರ್ಕಾರಕ್ಕೆ ಹೇಳಿದರು, ಅದು ಕೇಳಲಿಲ್ಲ. ಇದನ್ನು ನಾವು ಮುಚ್ಚಿಡಬಾರದು. 1956ರಲ್ಲಿ ದಕ್ಷಿಣದ ತಾಲ್ಲೂಕುಗಳು ಮದರಾಸಿಗೆ ಹೋದವು, ದೇವಿಕುಳಂ ಕೇರಳದಲ್ಲೇ ಉಳಿಯಿತು. 1971ರಲ್ಲಿ ಕೇರಳ ಸರ್ಕಾರ ಕಾನೂನು ಮಾಡಿ ಈ ಬೆಟ್ಟಗಳ ಭೂಮಿಯನ್ನು ವಶಕ್ಕೆ ತೆಗೆದುಕೊಂಡಿತು. ಆದರೆ ಚಹ ತೋಟ ಕಂಪನಿಯ ಕೈಯಲ್ಲೇ ಉಳಿಯಿತು. ಇಷ್ಟು ಹೆಸರಾದ ಊರಿಗೆ ಇರುವುದು ಗ್ರಾಮ ಪಂಚಾಯಿತಿ. ಮುದುವರ ಎಡಮಲಕುಡಿಗೆ ಪ್ರತ್ಯೇಕ ಪಂಚಾಯಿತಿ ಸಿಕ್ಕಿದ್ದು 2010ರಲ್ಲಿ. ಮನ್ರೋನಿಗೆ ಪತ್ರ ಬರೆದುಕೊಟ್ಟು 133 ವರ್ಷವಾದ ಮೇಲೆ!

ಈಗ ಮುಖ್ಯ ವಿಷಯ. 2005ರಲ್ಲಿ ತೋಟಗಳನ್ನು ಹೊಸ ಕಂಪನಿಗೆ ವಹಿಸಿದರು. ಬಹುಪಾಲು ಷೇರು ನೌಕರರ ಹೆಸರಿನಲ್ಲಿ. ಕೇಳಿದರೆ ಸಮಾಜವಾದ ಬಂದೇಬಿಟ್ಟಿತು ಅನಿಸುತ್ತದೆ, ಅಲ್ಲವೇ? 2015ರಲ್ಲಿ ಈ ‘ಮಾಲೀಕರ’ ದಿನಗೂಲಿ 232 ರೂಪಾಯಿ. ಬೋನಸ್ಸು ಶೇಕಡಾ 20ರಿಂದ 10ಕ್ಕೆ ಇಳಿಯಿತು. ನಮ್ಮ ಮಿಲ್ಲಿನವರಿಗೆ ಈ ಲೆಕ್ಕ ಬಿಡಿಸಿ ಹೇಳಬೇಕಿಲ್ಲ. ಆ ಸೆಪ್ಟೆಂಬರಿನಲ್ಲಿ ಸಾವಿರಾರು ಹೆಂಗಸರು ಕೆಲಸ ಬಿಟ್ಟು ಪೇಟೆಗಿಳಿದು ರಸ್ತೆಯಲ್ಲಿ ಕೂತರು. ಪೆಂಪಿಳೈ ಒರುಮೈ, ಅಂದರೆ ಹೆಂಗಸರ ಒಗ್ಗಟ್ಟು. ಯೂನಿಯನ್ ಮುಖಂಡರನ್ನು ಹತ್ತಿರ ಸೇರಿಸಲಿಲ್ಲ. ಯೂನಿಯನ್ ಕಟ್ಟುವ ನಮಗೆ ಇದು ಚುಚ್ಚಬೇಕು, ಚುಚ್ಚಿದೆ. ಒಂಬತ್ತು ದಿನಕ್ಕೆ ಶೇಕಡಾ 20 ಸಿಕ್ಕಿತು. ಆಮೇಲೆ ಕೂಲಿ 301 ಆಯಿತು. ಕೇಳಿದ್ದು 500.

ಆದರೆ ಮನೆ? ಕಾಫಿ ಸೀಮೆಯವರು ಲೈನ್ ಮನೆ ಕಂಡಿದ್ದೀರಿ. ಅಲ್ಲಿಯೂ ಅದೇ ಸಾಲುಮನೆ. ಗೋಡೆ ತೋಟದ್ದು, ನೆಲ ತೋಟದ್ದು. ಕೆಲಸ ಇರುವವರೆಗೆ ಸೂರು. ನಿವೃತ್ತಿಯಾದರೆ ಮಗನೋ ಸೊಸೆಯೋ ಗಿಡದ ಬುಡಕ್ಕೆ ಹೋಗಬೇಕು, ಇಲ್ಲವೇ ಗಂಟುಮೂಟೆ ಕಟ್ಟಬೇಕು. ಷೇರು ಪತ್ರ ಹೊದ್ದು ಮಲಗಲಾಗುವುದಿಲ್ಲ.

2020ರ ಆಗಸ್ಟ್ 6ರ ರಾತ್ರಿ ಪೆಟ್ಟಿಮುಡಿಯಲ್ಲಿ ಗುಡ್ಡ ಜಾರಿ ಇಂಥ ಸಾಲುಮನೆಗಳ ಮೇಲೆ ಬಿತ್ತು. ಮಳೆಗೆ ಕರೆಂಟಿಲ್ಲ, ಫೋನಿಲ್ಲ. ಹೊರಗಿನವರಿಗೆ ತಿಳಿದದ್ದು ಬೆಳಗಾದ ಮೇಲೆ. 70 ಜನ ಹೋದರು. ನಾಲ್ವರ ದೇಹ ಸಿಗಲೇ ಇಲ್ಲ. ಮಾರನೆಯ ಸಂಜೆ ಕೋಳಿಕೋಡಿನ ಬಳಿಯ ಕರಿಪ್ಪೂರಿನಲ್ಲಿ ವಿಮಾನ ಬಿತ್ತು. ವಿಮಾನದಲ್ಲಿ ಸತ್ತವರ ಕುಟುಂಬಕ್ಕೆ ಕೇರಳ ಸರ್ಕಾರ ಘೋಷಿಸಿದ್ದು 10 ಲಕ್ಷ, ಸಾಲುಮನೆಯಲ್ಲಿ ಸತ್ತವರ ಕುಟುಂಬಕ್ಕೆ 5 ಲಕ್ಷ.