ಪಾಪ್ ಹಾಡಿಗೆ ಕಲೆಯ ಪಟ್ಟ ಸಲ್ಲುವುದೆ? ಬ್ರಿಟನ್ನಿನ ಒಂದು ಜಗಳದ ಕಥೆ

(ಉಪನ್ಯಾಸವೊಂದರ ಪಠ್ಯ)



1978ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್ ಎಂಬ ಉಕ್ಕಿನ ಕಾರ್ಖಾನೆಗಳ ಊರಿನ ಕೆಲವು ಹುಡುಗರು ಒಂದು ಸಣ್ಣ ರೆಕಾರ್ಡನ್ನು ಹೊರತಂದರು. ತಂಡದ ಹೆಸರು ಹ್ಯೂಮನ್ ಲೀಗ್. ಹಾಡಿನ ಹೆಸರು ‘ಬೀಯಿಂಗ್ ಬಾಯಿಲ್ಡ್’, ಅಂದರೆ ಕುದಿಸಲ್ಪಡುವುದು. ಅದರಲ್ಲಿ ಗಿಟಾರಿನ ಸದ್ದಿಲ್ಲ, ಡ್ರಮ್ಮಿನ ಪೆಟ್ಟಿಲ್ಲ. ಸಿಂಥಸೈಜರುಗಳ ಗುಂಯ್‌ಗುಡುವಿಕೆಯ ಮೇಲೆ ಫಿಲ್ ಓಕಿ ಎಂಬ ಯುವಕನ ತಣ್ಣನೆಯ ದನಿ ಅಷ್ಟೆ. ಹಾಡಿನ ವಸ್ತು ಇನ್ನೂ ವಿಚಿತ್ರ: ರೇಷ್ಮೆ ಹುಳು. ಗೂಡಿನೊಳಗಿನ ಜೀವವನ್ನು ಬಿಸಿನೀರಿಗೆ ಹಾಕಿ ನೂಲು ತೆಗೆಯುವುದು ಹಿಂಸೆ ಎಂದು, ಬುದ್ಧನ ಹೆಸರು ಹಿಡಿದು, ತುಸು ಗಲಿಬಿಲಿಯಾಗಿಯೇ ದೂರುವ ಹಾಡು ಅದು. ರಾಮನಗರದ ಗೂಡಿನ ಮಾರುಕಟ್ಟೆಯನ್ನೂ ನೂಲು ಬಿಚ್ಚುವ ಮನೆಗಳ ಕುದಿನೀರಿನ ವಾಸನೆಯನ್ನೂ ಬಲ್ಲ ಕನ್ನಡಿಗರಿಗೆ ಶೆಫೀಲ್ಡಿನ ಹುಡುಗರಿಗೆ ಈ ಚಿಂತೆ ಏಕೆ ಬಂತೋ ಎಂದು ನಗು ಬಂದರೆ ತಪ್ಪಿಲ್ಲ.

ರೆಕಾರ್ಡು ಹೆಚ್ಚು ಮಾರಾಟವಾಗಲಿಲ್ಲ. ಆದರೆ ಹೊಸತನ್ನು ಹುಡುಕುವ ಕೇಳುಗರು ಅದನ್ನು ಪ್ರಯೋಗಶೀಲ ಕೃತಿಯೆಂದು ಮೆಚ್ಚಿಕೊಂಡರು. ನಾಲ್ಕು ವರ್ಷ ಕಳೆಯಿತು. 1982ರ ಆರಂಭದಲ್ಲಿ ಅದೇ ಹಾಡು ಮತ್ತೆ ಬಿಡುಗಡೆಯಾಗಿ ಬ್ರಿಟನ್ನಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ 6ನೆಯ ಸ್ಥಾನಕ್ಕೇರಿತು. ಆ ವೇಳೆಗೆ ಹ್ಯೂಮನ್ ಲೀಗ್ ದೇಶದ ಅತಿ ದೊಡ್ಡ ಪಾಪ್ ತಂಡಗಳಲ್ಲಿ ಒಂದಾಗಿತ್ತು. 1978ರಲ್ಲಿ ಕಲೆಯಾಗಿದ್ದದ್ದು 1982ರಲ್ಲಿ ಬರೀ ಸರಕಾಯಿತೆ? ಅಥವಾ ಮೊದಲಿನಿಂದಲೂ ಅದು ಕೇಳುಗರಿಗಾಗಿ ಕಾದಿದ್ದ ಪಾಪ್ ಹಾಡೇ ಆಗಿತ್ತೆ? ಈ ಪ್ರಶ್ನೆಗಾಗಿ ಆ ದಿನಗಳಲ್ಲಿ ಬ್ರಿಟನ್ನಿನ ಸಂಗೀತಪ್ರೇಮಿಗಳು ಸ್ನೇಹ ಕೆಡುವ ಮಟ್ಟಿಗೆ ಜಗಳವಾಡಿದರು.

ಜಗಳದ ಮೂಲ ತಿಳಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು. 1976–77ರಲ್ಲಿ ಸೆಕ್ಸ್ ಪಿಸ್ಟಲ್ಸ್ ಮೊದಲಾದ ತಂಡಗಳು ಎಬ್ಬಿಸಿದ ಗಲಾಟೆಗೆ ಪಂಕ್ ಎಂದು ಹೆಸರು. ವಾದ್ಯ ಬರಬೇಕಾಗಿಲ್ಲ, ಕಂಪನಿಯ ಕೃಪೆ ಬೇಕಾಗಿಲ್ಲ, ಸಿಟ್ಟಿದ್ದರೆ ಸಾಕು ಎಂಬುದು ಅದರ ಮಾತು. 1978ರ ಜನವರಿಯಲ್ಲಿ ಆ ತಂಡ ಒಡೆಯಿತು. ಪಂಕ್ ಅಷ್ಟರಲ್ಲೇ ಒಂದು ಸಿದ್ಧಮಾದರಿಯಾಗಿಬಿಟ್ಟಿತ್ತು: ಅದೇ ಮೂರು ಗಿಟಾರ್ ಸ್ವರಮೇಳ, ಅದೇ ಕೂಗು. ಸಿಟ್ಟನ್ನು ಉಳಿಸಿಕೊಂಡು ಸಂಗೀತವನ್ನೇ ಬೇರೆ ಮಾಡಬೇಕೆಂದು ಹೊರಟವರದು ಪೋಸ್ಟ್‌ಪಂಕ್, ಎಂದರೆ ಪಂಕ್ ನಂತರದ್ದು. ಪಿಸ್ಟಲ್ಸ್‌ನ ಗಾಯಕ ಜಾನ್ ಲೈಡನ್ ಕಟ್ಟಿದ ಪಬ್ಲಿಕ್ ಇಮೇಜ್ ಲಿಮಿಟೆಡ್, 1979ರಲ್ಲಿ ತನ್ನ ಸಂಗೀತವನ್ನು ಸಿನಿಮಾ ರೀಲಿನ ಡಬ್ಬಿಯಂತಹ ತಗಡಿನ ಡಬ್ಬಿಯಲ್ಲಿ ಮೂರು ತಟ್ಟೆಗಳಾಗಿ ತುಂಬಿ ಮಾರಿತು. ತಟ್ಟೆಗಳನ್ನು ಗೀಚಿಲ್ಲದೆ ಹೊರತೆಗೆಯುವುದೇ ಕಷ್ಟ. ಕೇಳುಗನಿಗೆ ಸಂಗೀತ ಸುಲಭವಾಗಿ ದಕ್ಕಬಾರದು ಎನ್ನುವ ಆ ಕಾಲದ ನಂಬಿಕೆಗೆ ಇದಕ್ಕಿಂತ ಒಳ್ಳೆಯ ಗುರುತು ಸಿಗಲಾರದು.

ಈ ನಂಬಿಕೆಯನ್ನು ಕೊನೆಯ ತುದಿಯವರೆಗೂ ಎಳೆದು, ಅಲ್ಲಿಂದ ಹಿಂದಿರುಗಿ ಎದುರು ತುದಿಗೆ ನಡೆದವನು ಗ್ರೀನ್ ಗಾರ್ಟ್‌ಸೈಡ್. ವೇಲ್ಸ್ ಪ್ರಾಂತದ ಹುಡುಗ. ಶಾಲೆಯಲ್ಲಿದ್ದಾಗಲೇ ಗೆಳೆಯನೊಡನೆ ಯುವ ಕಮ್ಯುನಿಸ್ಟ್ ಸಂಘದ ಶಾಖೆ ತೆರೆದವನು. ಲೀಡ್ಸ್‌ನಲ್ಲಿ ಕಲಾ ವಿದ್ಯಾರ್ಥಿಯಾಗಿದ್ದಾಗ, 1976ರ ಡಿಸೆಂಬರಿನಲ್ಲಿ, ಪಿಸ್ಟಲ್ಸ್ ಕಚೇರಿ ನೋಡಿ ತಾನೂ ತಂಡ ಕಟ್ಟಿದ. ಇಟಲಿಯ ಚಿಂತಕ ಗ್ರಾಂಶಿಯ ರಾಜಕೀಯ ಬರಹಗಳ ನೆನಪಿಗೆ ತಂಡಕ್ಕೆ ಸ್ಕ್ರಿಟ್ಟಿ ಪೊಲಿಟ್ಟಿ ಎಂದು ಹೆಸರಿಟ್ಟ. ಲಂಡನ್ನಿನ ಕ್ಯಾಮ್ಡನ್‌ನಲ್ಲಿ ಖಾಲಿ ಬಿದ್ದಿದ್ದ ಒಂದು ಮನೆಯನ್ನು ಹಿಡಿದು ಇವರೆಲ್ಲ ಕೂಡಿ ಬಾಳಿದರು. ಹಾಡುವುದಕ್ಕಿಂತ ಚರ್ಚಿಸುವುದೇ ಹೆಚ್ಚು. 1978ರ ಅವರ ಮೊದಲ ರೆಕಾರ್ಡಿನ ಕವರಿನ ಮೇಲೆ ಧ್ವನಿಮುದ್ರಣಕ್ಕೆ ಎಷ್ಟು, ಅಚ್ಚಿಗೆ ಎಷ್ಟು ಎಂದು ಖರ್ಚಿನ ಲೆಕ್ಕವನ್ನೇ ಮುದ್ರಿಸಿದ್ದರು. ‘ನೋಡಿ, ಇದು ಮಂತ್ರವಲ್ಲ, ನೀವೂ ಮಾಡಬಹುದು’ ಎಂದು ಹೇಳುವ ರೀತಿ ಅದು. ಹಾಡುಗಳೋ ನಡುವೆ ನಿಂತು, ಮುಗ್ಗರಿಸಿ, ಮತ್ತೆ ಹೊರಡುವಂಥವು. ತಾಳ ಕೂಡಿಬಂದರೆ ಅದೊಂದು ಮೋಸ ಎನ್ನುವ ಅನುಮಾನ ಅವುಗಳಲ್ಲಿ ಕೇಳಿಸುತ್ತದೆ.

1980ರ ಆರಂಭದಲ್ಲಿ ಬ್ರೈಟನ್‌ನಲ್ಲಿ ಒಂದು ಕಚೇರಿ ಮುಗಿದ ಮೇಲೆ ಗ್ರೀನ್ ಕುಸಿದುಬಿದ್ದ. ಹೃದಯಾಘಾತವೆಂದೇ ಭಾವಿಸಿದ್ದು ವಾಸ್ತವವಾಗಿ ತೀವ್ರ ಭಯದ ಆಘಾತವಾಗಿತ್ತು. ನಿದ್ದೆಗೆಟ್ಟ ರಾತ್ರಿಗಳು, ಸರಿಯಾದ ಊಟವಿಲ್ಲದ ದಿನಗಳು, ವೇದಿಕೆಯ ಅಂಜಿಕೆ ಎಲ್ಲ ಸೇರಿ ಆಳನ್ನು ಮಲಗಿಸಿದ್ದವು. ಚೇತರಿಸಿಕೊಳ್ಳಲು ವೇಲ್ಸ್‌ಗೆ ಹೋದ. ಅಲ್ಲಿ ಆತ ಮನಸ್ಸಿಟ್ಟು ಕೇಳಿದ್ದು ಅಮೆರಿಕದ ಕರಿಯ ಗಾಯಕರ ಸೋಲ್, ಫಂಕ್ ಹಾಡುಗಳನ್ನು. ತಾನು ಅನುಮಾನದಿಂದ ನೋಡುತ್ತಿದ್ದ ಇಂಪು, ಕುಣಿಸುವ ತಾಳ, ಪ್ರೇಮದ ಮಾತು ಇವುಗಳಲ್ಲೇ ಹುಡುಕಬೇಕಾದದ್ದು ಇದೆಯೆಂದು ಆತನಿಗೆ ಅನ್ನಿಸಿತು. ಆದರೆ ಸುಮ್ಮನೆ ಹಾಡು ಬದಲಿಸುವ ಜಾಯಮಾನ ಆತನದಲ್ಲ. ಪಾಪ್ ಕಡೆಗೆ ಏಕೆ ತಿರುಗಬೇಕು ಎಂದು ಸಮರ್ಥಿಸುವ ಪುಟಗಟ್ಟಲೆ ಬರಹವನ್ನು ಬರೆದು ತನ್ನ ತಂಡದವರ ಮುಂದಿಟ್ಟ! ಇಂಪಾದ ಹಾಡು ಹಾಡಲು ಇಷ್ಟು ದೊಡ್ಡ ಅರ್ಜಿ ಬರೆದುಕೊಂಡ ಗಾಯಕ ಬೇರೊಬ್ಬನಿರಲಾರ.

1981ರ ‘ಸ್ವೀಟೆಸ್ಟ್ ಗರ್ಲ್’ ಹಾಡಿನಲ್ಲಿ ಆ ತಿರುವು ಕೇಳಿಸಿತು. ಜಮೈಕಾದ ರೆಗ್ಗೆಯ ನಿಧಾನ ಲಯ, ಅದರ ಮೇಲೆ ತೇಲುವ ಎಳೆಯ ದನಿ. ಹೆಸರಿನಲ್ಲೇ ಪ್ರೇಮಗೀತೆ. ಆದರೆ ಶೀರ್ಷಿಕೆಯ ಸುತ್ತ ಉದ್ಧರಣ ಚಿಹ್ನೆಗಳನ್ನು ಹಾಕಿ, ಈ ಪ್ರೇಮದ ಮಾತು ತನ್ನದೋ ಹಾಡುಗಳ ಲೋಕದ್ದೋ ಎಂಬ ಅನುಮಾನವನ್ನೂ ಉಳಿಸಿಕೊಂಡ. ಮರುವರ್ಷದ ಸಂಪುಟದಲ್ಲಿ ಫ್ರೆಂಚ್ ತತ್ವಜ್ಞಾನಿ ಜಾಕ್ ದೆರಿದಾನ ಹೆಸರಿನದೇ ಒಂದು ಹಾಡಿತ್ತು. 1985ರ ‘ಕ್ಯೂಪಿಡ್ ಅಂಡ್ ಸೈಕಿ 85’ ಬರುವ ಹೊತ್ತಿಗೆ ಖರ್ಚಿನ ಲೆಕ್ಕ ಅಚ್ಚುಹಾಕುತ್ತಿದ್ದ ಹುಡುಗ ನ್ಯೂಯಾರ್ಕಿನಲ್ಲಿ, ಅರೆಥಾ ಫ್ರಾಂಕ್ಲಿನ್‌ಗೆ ಧ್ವನಿಮುದ್ರಣ ಮಾಡಿದ್ದ ಆರಿಫ್ ಮಾರ್ದಿನ್‌ನಂಥ ಹಿರಿಯನೊಡನೆ ಕೆಲಸ ಮಾಡಿದ್ದ. ಆ ಸಂಪುಟದ ‘ಪರ್ಫೆಕ್ಟ್ ವೇ’ ಹಾಡು ಅಮೆರಿಕದ ಪಟ್ಟಿಯಲ್ಲಿ 11ನೆಯ ಸ್ಥಾನ ಮುಟ್ಟಿತು. ಮುಂದಿನ ವರ್ಷ ಜಾಜ್ ಸಂಗೀತದ ಮಹಾನುಭಾವ ಮೈಲ್ಸ್ ಡೇವಿಸ್ ಅದನ್ನು ತನ್ನ ‘ಟುಟು’ ಸಂಪುಟದಲ್ಲಿ ತುತ್ತೂರಿಯಲ್ಲಿ ನುಡಿಸಿದ. ಪಾಪ್ ಹಾಡಿನಲ್ಲಿ ಸಂಗೀತಗಾರನಿಗೆ ಹಿಡಿಯಲು ಏನೂ ಸಿಗದು ಎನ್ನುತ್ತಿದ್ದವರು ಇದಕ್ಕೆ ಉತ್ತರ ಹೇಳಬೇಕಾಗಿತ್ತು.

ಹ್ಯೂಮನ್ ಲೀಗ್‌ನ ಕಥೆಯಲ್ಲಿ ಸಿದ್ಧಾಂತ ಕಡಿಮೆ, ಅವಸರ ಹೆಚ್ಚು. 1980ರಲ್ಲಿ ತಂಡ ಒಡೆದು, ಸಂಗೀತ ಬಲ್ಲ ಇಬ್ಬರು ಹೊರನಡೆದರು. ಕಚೇರಿಗಳ ಪ್ರವಾಸ ಹತ್ತಿರದಲ್ಲಿತ್ತು. ಓಕಿ ಶೆಫೀಲ್ಡಿನ ನೃತ್ಯಶಾಲೆಯೊಂದರಲ್ಲಿ ಕುಣಿಯುತ್ತಿದ್ದ ಇಬ್ಬರು ಶಾಲಾ ಹುಡುಗಿಯರನ್ನು ಕಂಡು ತಂಡಕ್ಕೆ ಕರೆದ: ಜೊಆನ್ ಕ್ಯಾಥರಲ್ ಮತ್ತು ಸೂಸನ್ ಸಲ್ಲಿ. ಹಳೆಯ ಅಭಿಮಾನಿಗಳಿಗೆ ಇದು ಅಪಚಾರ. ಗಂಭೀರ ತಂಡದಲ್ಲಿ ಕುಣಿಯುವ ಹುಡುಗಿಯರೆ? ಇಲ್ಲಿ ಒಂದು ಮಾತನ್ನು ಬಿಡಿಸಿ ಹೇಳಬೇಕು. ‘ಪಾಪ್ ಕಲೆಯಲ್ಲ’ ಎನ್ನುವ ವಾದದ ಅಡಿಯಲ್ಲಿ ಅನೇಕ ಸಲ ‘ಹುಡುಗಿಯರು ಮೆಚ್ಚುವುದು ಕಲೆಯಲ್ಲ’ ಎಂಬ ಭಾವನೆ ಅಡಗಿರುತ್ತಿತ್ತು. ಕೋಟು ತೊಟ್ಟು ಕೋಣೆಯಲ್ಲಿ ಒಬ್ಬನೇ ಕುಳಿತು ಕೇಳುವ ಹುಡುಗ ರಸಿಕ, ಗೆಳತಿಯರೊಡನೆ ಕುಣಿಯುವ ಹುಡುಗಿ ಬರೀ ಗಿರಾಕಿ!

ಆ ಹುಡುಗಿಯರು ಸೇರಿದ ತಂಡ 1981ರಲ್ಲಿ ‘ಡೇರ್’ ಸಂಪುಟ ತಂದಿತು. ಅದರ ಕೊನೆಯ ಹಾಡು ‘ಡೋಂಟ್ ಯೂ ವಾಂಟ್ ಮಿ’. ಹದಿಹರೆಯದ ಹುಡುಗಿಯರ ಪತ್ರಿಕೆಯೊಂದರ ಚಿತ್ರಕಥೆಯಿಂದ ಓಕಿಗೆ ಅದರ ಎಳೆ ಸಿಕ್ಕಿತ್ತು. ಆತನಿಗೆ ಹಾಡು ಅಷ್ಟೇನೂ ಹಿಡಿಸದೆ ಕಟ್ಟಕಡೆಗೆ ಹಾಕಿದ್ದ. ಕಂಪನಿ ಹಟಹಿಡಿದು ಬಿಡುಗಡೆ ಮಾಡಿತು. ಆ ವರ್ಷದ ಕ್ರಿಸ್ಮಸ್‌ಗೆ ಅದು ಬ್ರಿಟನ್ನಿನಲ್ಲಿ ಒಂದನೆಯ ಸ್ಥಾನದಲ್ಲಿತ್ತು, 1982ರ ಬೇಸಿಗೆಯಲ್ಲಿ ಅಮೆರಿಕದಲ್ಲೂ.

ಆ ಹಾಡಿನ ಕಟ್ಟಡವನ್ನು ಸ್ವಲ್ಪ ನೋಡಬೇಕು. ಮೊದಲ ನುಡಿಯಲ್ಲಿ ಗಂಡು ಮಾತಾಡುತ್ತಾನೆ: ಬಾರಿನಲ್ಲಿ ಪರಿಚಾರಿಕೆಯಾಗಿದ್ದವಳನ್ನು ತಾನೇ ತಾರೆಯಾಗಿ ಮಾಡಿದೆ, ಬೇಕೆಂದರೆ ಇಳಿಸಲೂ ಬಲ್ಲೆ. ಎರಡನೆಯ ನುಡಿಯಲ್ಲಿ ಹೆಣ್ಣು ಅದೇ ಕಥೆಯನ್ನು ತನ್ನ ಕಡೆಯಿಂದ ಹೇಳುತ್ತಾಳೆ: ಅಲ್ಲಿದ್ದದ್ದು ನಿಜ, ಆದರೆ ನೀನಿಲ್ಲದೆಯೂ ಮೇಲೆ ಬರುತ್ತಿದ್ದೆ. ಸೂಸನ್ ಸಲ್ಲಿಯ ದನಿ ತರಬೇತಾದ ದನಿಯಲ್ಲ. ಪಕ್ಕದ ಮನೆಯ ಹುಡುಗಿ ನಿಂತು ಎದುರುತ್ತರ ಕೊಟ್ಟಂತೆ ಕೇಳುತ್ತದೆ. ಹಾಡಿಗೆ ಬಲ ಬರುವುದೂ ಅದರಿಂದಲೇ.

ಇದರ ಪಕ್ಕದಲ್ಲಿ ಲೀಡ್ಸ್‌ನ ಗ್ಯಾಂಗ್ ಆಫ್ ಫೋರ್ ತಂಡದ ‘ಆಂತ್ರಾಕ್ಸ್’ ಅನ್ನು ಇಟ್ಟು ಕೇಳಬೇಕು. ಪೋಸ್ಟ್‌ಪಂಕ್‌ನ ಶ್ರೇಷ್ಠ ಕೃತಿಗಳಲ್ಲಿ ಒಂದಾದ ‘ಎಂಟರ್‌ಟೇನ್‌ಮೆಂಟ್!’ ಎಂಬ 1979ರ ಸಂಪುಟದ್ದು. ಅಲ್ಲೂ ಎರಡು ದನಿಗಳು. ಒಂದು, ಪ್ರೇಮವನ್ನು ದನಕ್ಕೆ ಬರುವ ರೋಗಕ್ಕೆ ಹೋಲಿಸಿ ಹಾಡುತ್ತದೆ. ಅದೇ ಹೊತ್ತಿಗೆ ಇನ್ನೊಂದು ದನಿ, ಹಾಡುಗಾರರೆಲ್ಲ ಏಕೆ ಪ್ರೇಮದ ಬಗ್ಗೆಯೇ ಹಾಡುತ್ತಾರೆ ಎಂದು ವರದಿ ಓದುವಂತೆ ಮಾತಾಡುತ್ತದೆ. ಗಿಟಾರು ಗಾಜು ಕೆರೆದಂತೆ. ಕೇಳುವವನು ಎರಡನ್ನೂ ಹಿಡಿಯಲಾರದೆ ಒದ್ದಾಡುತ್ತಾನೆ, ಆ ಒದ್ದಾಟವೇ ಉದ್ದೇಶ. ಎರಡೂ ಹಾಡುಗಳು ಪ್ರೇಮಗೀತೆಯ ಒಳಗೆ ಅಡಗಿರುವ ಅಧಿಕಾರವನ್ನು ಬಯಲಿಗೆಳೆಯುತ್ತವೆ. ಒಂದು ಪ್ರೇಮಗೀತೆಯನ್ನು ಹೊರಗಿನಿಂದ ಒಡೆಯುತ್ತದೆ, ಇನ್ನೊಂದು ಒಳಗೇ ಕುಳಿತು ಜಗಳ ತೆಗೆಯುತ್ತದೆ. ಗ್ಯಾಂಗ್ ಆಫ್ ಫೋರ್ ಹೆಚ್ಚು ಧೀರವೆಂದರೆ ಒಪ್ಪಬಹುದು. ಹ್ಯೂಮನ್ ಲೀಗ್ ಕಡಿಮೆ ಕಲೆಯೆಂದರೆ ಒಪ್ಪುವುದು ಕಷ್ಟ. ಬ್ರಿಟನ್ನಿನಲ್ಲೇ ಹದಿನಾಲ್ಕು ಲಕ್ಷಕ್ಕಿಂತ ಹೆಚ್ಚು ಪ್ರತಿ ಮಾರಿದ ಹಾಡಿನಲ್ಲಿ ಒಬ್ಬ ಪರಿಚಾರಿಕೆ ತನ್ನ ಯಜಮಾನನಿಗೆ ‘ಸಾಕು’ ಎಂದಳು ಎನ್ನುವುದು ಸಣ್ಣ ಮಾತಲ್ಲ.

ಜಗಳದ ಅಖಾಡ ಸಂಗೀತ ವಾರಪತ್ರಿಕೆಗಳು, ಮುಖ್ಯವಾಗಿ ‘ನ್ಯೂ ಮ್ಯೂಸಿಕಲ್ ಎಕ್ಸ್‌ಪ್ರೆಸ್’. ಅದರ ವಿಮರ್ಶಕ ಪಾಲ್ ಮಾರ್ಲಿ, ಜಾಯ್ ಡಿವಿಜನ್‌ನಂಥ ಕತ್ತಲೆಯ ತಂಡವನ್ನು ಎತ್ತಿಹಿಡಿದಿದ್ದವನೇ, ಬಣ್ಣ ಬೆಳಕಿನ ಪಾಪ್ ಬೇಕೆಂದು ಬರೆಯತೊಡಗಿದ. ಇದಕ್ಕೆ ‘ನ್ಯೂ ಪಾಪ್’ ಎಂಬ ಹೆಸರು ನಿಂತಿತು. 1981ರಲ್ಲಿ ಲಿವರ್‌ಪೂಲಿನ ಗಾಯಕ ಪೀಟ್ ವೈಲಿ ‘ರಾಕಿಸಂ’ ಎಂಬ ಪದ ಟಂಕಿಸಿದ. ಗಿಟಾರು, ಬೆವರು, ಯಾತನೆ ಇದ್ದರೆ ಮಾತ್ರ ಸಂಗೀತ ಪ್ರಾಮಾಣಿಕ ಎಂಬ ಮೂಢನಂಬಿಕೆಗೆ ಅಂಟಿಸಿದ ಹೆಸರು ಅದು. ‘ಯಾತನೆ’ ಎಂಬ ಮಾತು ಇಲ್ಲಿ ಹಗುರವಾದದ್ದಲ್ಲ. ಜಾಯ್ ಡಿವಿಜನ್‌ನ ಗಾಯಕ ಇಯಾನ್ ಕರ್ಟಿಸ್ 1980ರ ಮೇ 18ರಂದು, 23ನೆಯ ವಯಸ್ಸಿನಲ್ಲಿ, ಆತ್ಮಹತ್ಯೆ ಮಾಡಿಕೊಂಡ. ಆ ಸಾವಿನ ನಂತರ ಅನೇಕ ಅಭಿಮಾನಿಗಳು ಯಾತನೆಯನ್ನೇ ಪ್ರತಿಭೆಯ ಪುರಾವೆಯಾಗಿ ನೋಡಿದರು. ಬದುಕುಳಿದ ಗೆಳೆಯರು ಮಾಡಿದ್ದೇನು? ನ್ಯೂ ಆರ್ಡರ್ ಎಂಬ ಹೆಸರಿನಲ್ಲಿ 1983ರಲ್ಲಿ ‘ಬ್ಲೂ ಮಂಡೇ’ ಎಂಬ ಕುಣಿತದ ಹಾಡು ಕಟ್ಟಿದರು. ಯಂತ್ರದ ತಾಳದ ಆ ಹಾಡಿನಲ್ಲಿ ದುಃಖ ಹೋಗಿಲ್ಲ. ಕುಣಿಯುವವರ ನಡುವೆ ನಿಂತಿದೆ.

ಅಂದಹಾಗೆ, ಪಂಕ್ ಮತ್ತು ಪಾಪ್ ನಡುವಿನ ಗೋಡೆ ಸಂಗೀತಗಾರರಿಗೆ ಅಷ್ಟೇನೂ ಎತ್ತರವಾಗಿ ಕಂಡಿರಲಿಲ್ಲ. ಪಿಸ್ಟಲ್ಸ್‌ನ ಗ್ಲೆನ್ ಮ್ಯಾಟ್ಲಾಕ್ ‘ಪ್ರಿಟಿ ವೇಕೆಂಟ್’ ಹಾಡಿನ ಗಿಟಾರ್ ಎಳೆಗೆ ಸ್ವೀಡನ್ನಿನ ಆಬ್ಬಾ ತಂಡದ ‘ಎಸ್‌ಓಎಸ್’ ಪ್ರೇರಣೆ ಎಂದು ಒಪ್ಪಿಕೊಂಡಿದ್ದಾನೆ. ಗೋಡೆ ಕಾಯುವ ಕೆಲಸ ಅಭಿಮಾನಿಗಳದು.

ಆದರೂ ಅವರ ವಾದವನ್ನು ಬರೀ ಮಡಿವಂತಿಕೆ ಎಂದು ತಳ್ಳಿಹಾಕಿದರೆ ಅನ್ಯಾಯವಾಗುತ್ತದೆ. ಪೋಸ್ಟ್‌ಪಂಕ್ ಜೊತೆಯಲ್ಲಿ ಒಂದು ಸಣ್ಣ ಅರ್ಥವ್ಯವಸ್ಥೆಯೂ ಬೆಳೆದಿತ್ತು. ಲಂಡನ್ನಿನ ರಫ್ ಟ್ರೇಡ್ ಅಂಗಡಿ ತಾನೇ ರೆಕಾರ್ಡು ಹೊರಡಿಸಿ, ಲಾಭವನ್ನು ತಂಡದೊಡನೆ ಸಮಸಮವಾಗಿ ಹಂಚಿಕೊಳ್ಳುತ್ತಿತ್ತು. ಹೊಳೆಯುವ ಪಾಪ್‌ಗೆ ದುಬಾರಿ ಸ್ಟುಡಿಯೋ ಬೇಕು, ಅದಕ್ಕೆ ದೊಡ್ಡ ಕಂಪನಿಯ ಸಾಲ ಬೇಕು, 1981ರಲ್ಲಿ ಎಂಟಿವಿ ಶುರುವಾದ ಮೇಲೆ ವಿಡಿಯೋ ಬೇಕು. ನಿರುದ್ಯೋಗಿಗಳ ಸಂಖ್ಯೆ 30 ಲಕ್ಷ ದಾಟಿದ್ದ 1982ರಲ್ಲಿ ಡ್ಯುರಾನ್ ಡ್ಯುರಾನ್ ತಂಡ ವಿಹಾರನೌಕೆಯ ಮೇಲೆ ರೇಷ್ಮೆ ಸೂಟು ತೊಟ್ಟು ಹಾಡಿತು. ಅದೇ ತಂಡ ಮತ್ತೊಂದು ಹಾಡಿಗೆ ಶ್ರೀಲಂಕಾವನ್ನು ಬರೀ ಹಿನ್ನೆಲೆಯ ಪರದೆಯಾಗಿ ಬಳಸಿಕೊಂಡಿತು. ಒಳಗೆ ನುಗ್ಗಿ ಬದಲಿಸುತ್ತೇವೆ ಎಂದು ಹೊರಟವರ ಹಿಂದೆ, ಬದಲಿಸುವ ಯೋಚನೆಯೇ ಇಲ್ಲದವರು ಸಾಲಾಗಿ ಒಳಬಂದರು. 1985ರ ಹೊತ್ತಿಗೆ ನ್ಯೂ ಪಾಪ್‌ನ ತುಂಟತನ ಬತ್ತಿ ಹೊಳಪಷ್ಟೇ ಉಳಿದಿತ್ತು ಎಂದು ಅದರ ಮಿತ್ರರೂ ದೂರಿದರು. ಈ ದೂರಿನಲ್ಲಿ ಹುರುಳಿದೆ.

ಮುಂದೆ 2004ರಲ್ಲಿ ‘ನ್ಯೂಯಾರ್ಕ್ ಟೈಮ್ಸ್’ನಲ್ಲಿ ಕೆಲೆಫಾ ಸಾನೆ ರಾಕಿಸಂ ವಿರುದ್ಧ ಬರೆದ ಲೇಖನದಿಂದ ಇದೇ ಜಗಳ ಅಮೆರಿಕದಲ್ಲಿ ಮತ್ತೆ ಹೊತ್ತಿಕೊಂಡಿತು. ಪಾಪ್ ಪರವಾದಿಗಳಿಗೆ ‘ಪಾಪ್ಟಿಮಿಸ್ಟ್’ ಎಂಬ ಹೆಸರೂ ಬಂತು. 2005ರಲ್ಲಿ ಸೈಮನ್ ರೆನಾಲ್ಡ್ಸ್ ಪೋಸ್ಟ್‌ಪಂಕ್‌ನ ಇತಿಹಾಸ ಬರೆದಾಗ ತನ್ನ ಕಥೆಯನ್ನು 1978ರಿಂದ 1984ರವರೆಗೆ ಎಳೆದು, ನ್ಯೂ ಪಾಪ್ ಅನ್ನು ಅದೇ ಪುಸ್ತಕದೊಳಗೆ ಸೇರಿಸಿಕೊಂಡ. ಪೋಸ್ಟ್‌ಪಂಕ್‌ನ ಶತ್ರುವೆಂದು ಬಗೆದಿದ್ದದ್ದು ಅಲ್ಲಿ ಅದರದೇ ಎರಡನೆಯ ಅಧ್ಯಾಯವಾಗಿ ಕಾಣುತ್ತದೆ.

ಗ್ರೀನ್ ಗಾರ್ಟ್‌ಸೈಡ್ 1980ರಲ್ಲಿ ಕುಸಿದುಬಿದ್ದವನು ಕಾಲು ಶತಮಾನ ವೇದಿಕೆಯ ಮೇಲೆ ಕಚೇರಿ ಕೊಡಲಿಲ್ಲ. ಜಗತ್ತಿನ ಪಟ್ಟಿಗಳಲ್ಲಿ ಆತನ ಹಾಡು ಓಡಾಡುತ್ತಿದ್ದಾಗಲೂ ಜನರೆದುರು ಹಾಡಲು ಅಂಜಿಕೆ. 2006ರ ಜನವರಿಯಲ್ಲಿ ಲಂಡನ್ನಿನ ಬ್ರಿಕ್ಸ್‌ಟನ್‌ನ ಒಂದು ಪಬ್ಬಿನಲ್ಲಿ, ತಂಡಕ್ಕೆ ಬೇರೆ ಹೆಸರಿಟ್ಟುಕೊಂಡು, ಮತ್ತೆ ಹಾಡಲು ನಿಂತ. ಅದೇ ವರ್ಷ ಹೊಸ ಸಂಪುಟ ಬಂತು. ಅದನ್ನು ಆತ ಮುದ್ರಿಸಿಕೊಂಡದ್ದು ಮನೆಯಲ್ಲೇ. ಹೊರಡಿಸಿದ್ದು ಹಳೆಯ ರಫ್ ಟ್ರೇಡ್. ಒಳಗಿದ್ದದ್ದು ಮಾತ್ರ ಪದರಪದರವಾದ ದನಿಗಳ, ನಾಚಿಕೆಯಿಲ್ಲದೆ ಇಂಪಾದ ಪಾಪ್ ಹಾಡುಗಳು.