ಮೂಲಪಾಠವೂ ಮೋಟಾರ್ ಸೈಕಲ್ಲೂ



ಮೂವತ್ತು ವರ್ಷಕ್ಕೂ ಮಿಗಿಲಾಗಿ ಗ್ರಂಥಸಂಪಾದನೆಯನ್ನು ಬೋಧಿಸಿದ ನಾನು ಮೋಟಾರ್ ಸೈಕಲ್ಲಿನ ವಿಚಾರ ಎತ್ತಿಕೊಂಡರೆ ನೀವು ನಗಬಹುದು. ಆದರೆ ಆ ಶಾಸ್ತ್ರದ ಒಂದು ಪಾಠವನ್ನು ನಾನು ಕಲಿತದ್ದು ಮೈಸೂರಿನ ನಮ್ಮ ಮನೆಯ ಹಿಂದಣ ತಗಡಿನ ಷೆಡ್ಡಿನಲ್ಲಿ. ಕಲಿಸಿದವನು ನನ್ನ ಮಗ. ನಾನು ಬಯಸಿದ ಎಂ.ಎ.ಯನ್ನು ಒಲ್ಲದೆ ಅವನು ಲೇತಿನ ಕೆಲಸ ಹಿಡಿದ. ಅದರಿಂದಾಗಿ ನಮ್ಮಿಬ್ಬರೊಳಗೆ ಬಹುಕಾಲ ಮಾತು ವಿರಳವಾಗಿತ್ತು.

ಷೆಡ್ಡಿನಲ್ಲಿ ನನ್ನ ತಂದೆಯವರ ಜಾವಾ ಧೂಳು ಹಿಡಿದು ನಿಂತಿತ್ತು. 1961ರಲ್ಲಿ ನಮ್ಮೂರಿನಲ್ಲೇ ತಯಾರಾಗತೊಡಗಿದ ವಾಹನವದು. ಮುಂದೆ ಯೆಜ್ಡಿ ಎಂಬ ಹೆಸರು ತಳೆಯಿತು. 1996ರಲ್ಲಿ ಆ ಕಾರ್ಖಾನೆ ಮುಚ್ಚಿತು. 250 ಸಿ.ಸಿ.ಯ ಎಂಜಿನ್ನು, ಸಿಲಿಂಡರು ಒಂದು, ಸೈಲೆನ್ಸರು ಎರಡು. ಕಿಕ್ಕರೇ ಗೇರೂ ಆಗುವ ಯುಕ್ತಿ. ಒಂದು ಮಳೆಗಾಲ ಮಗ ಅದನ್ನು ಪೂರ್ತಿ ಬಿಚ್ಚಿದ. ಸವೆದ ಸಿಲಿಂಡರನ್ನು ರೀಬೋರ್ ಮಾಡಿ, ಅರ್ಧ ಮಿಲಿಮೀಟರ್ ದೊಡ್ಡ ಪಿಸ್ಟನ್ನನ್ನು ಕೂರಿಸಿದ. ಕ್ರ್ಯಾಂಕಿನ ಸೀಲುಗಳು ಒಣಗಿದರೆ ಎಂಜಿನ್ನು ಹೊರಗಿನ ಗಾಳಿಯನ್ನು ಹೀರಿ ಪೆಟ್ರೋಲಿನ ಮಿಶ್ರಣ ಕೆಡುವುದೆಂದು ಹೇಳಿ, ಅವನ್ನೂ ಬದಲಾಯಿಸಿದ. ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ.

6 ವೋಲ್ಟಿನ ಡೈನಮೊ ತೆಗೆದು 12 ವೋಲ್ಟಿನ ವ್ಯವಸ್ಥೆ ಕೂರಿಸಲು ಹೊರಟಾಗ ಮಾತ್ರ ನನಗೆ ತಡೆಯಲಾಗಲಿಲ್ಲ. ‘ತಾತನ ಕಾಲದಲ್ಲಿ ಹೇಗಿತ್ತೋ ಹಾಗೇ ಇರಲಿ. ನೀನು ಸೇರಿಸುವುದೆಲ್ಲ ಪ್ರಕ್ಷಿಪ್ತ!’ ಎಂದೆ.

ಅವನು ಕೈಯ ಗ್ರೀಸು ಒರೆಸಿಕೊಳ್ಳುತ್ತ, ‘ಅಪ್ಪ, ಆಗ ಓಡಿಸುತ್ತಿದ್ದವರು ತಾತ. ಇನ್ನು ಮುಂದೆ ಓಡಿಸುವವರು ನೀವು. ಪೊರೆಯ ಶಸ್ತ್ರಚಿಕಿತ್ಸೆಯಾದ ಕಣ್ಣಿಗೆ ಸಂಜೆ ಹೊತ್ತು ಹೆಚ್ಚು ಬೆಳಕು ಬೇಕು’ ಎಂದ.

ಅವನು ತನಗಾಗಿ ದುಡಿಯುತ್ತಿರುವನೆಂದೇ ನಾನು ತಿಳಿದಿದ್ದೆ. ಉತ್ತರ ಹೊಳೆಯದೆ ಒಳಗೆ ಬಂದುಬಿಟ್ಟೆ.

ಮರುದಿನ ಹೋಗಿ ನೋಡಿದರೆ, ಹಲಗೆಯ ಮೇಲೊಂದು ಬಿಸ್ಕತ್ತಿನ ಡಬ್ಬಿ. ತೆಗೆದ ಡೈನಮೊ, ಬಲ್ಬು, ತಿರುಪು ಒಂದೊಂದನ್ನೂ ಕಾಗದದಲ್ಲಿ ಸುತ್ತಿ, ಎಲ್ಲಿಂದ ಬಿಚ್ಚಿದ್ದೆಂದು ಕನ್ನಡದಲ್ಲಿ ಬರೆದಿಟ್ಟಿದ್ದ. ಚಾಸಿಸಿಗೆ ಒಂದು ತೂತು ಕೊರೆದಿರಲಿಲ್ಲ, ಒಂದು ಬೆಸುಗೆ ಹಾಕಿರಲಿಲ್ಲ. ನೋಂದಣಿ ಪತ್ರದಲ್ಲಿರುವ ವಿವರಕ್ಕೆ ವ್ಯತ್ಯಾಸ ಬರುವಂತೆ ವಾಹನವನ್ನು ಮಾರ್ಪಡಿಸುವುದನ್ನು 1988ರ ಮೋಟಾರು ವಾಹನ ಕಾಯ್ದೆ ನಿರ್ಬಂಧಿಸುತ್ತದೆಂಬುದೂ ಅವನಿಗೆ ಗೊತ್ತಿತ್ತು. ‘ಬೇಕೆನಿಸಿದ ದಿನ ಮೊದಲಿನ ಹಾಗೆಯೇ ಜೋಡಿಸಬಹುದು’ ಎಂದ.

ಮೂಲವನ್ನು ತಿದ್ದಿ, ಪಾಠಾಂತರವನ್ನು ಅಡಿಯಲ್ಲಿ ಕೊಡದ ಸಂಪಾದಕರನ್ನು ನಾನು ತರಗತಿಯಲ್ಲಿ ಎಷ್ಟೋ ಸಲ ಖಂಡಿಸಿದ್ದೇನೆ. ಒಂದು ದಿನವೂ ನನ್ನ ತರಗತಿಯಲ್ಲಿ ಕೂರದ ಹುಡುಗ ಆ ಧರ್ಮವನ್ನು ಪಾಲಿಸಿದ್ದ. ಹಳೆಯದನ್ನು ಕಾಪಾಡುವುದೆಂದರೆ ಅದಕ್ಕೆ ಬೀಗ ಹಾಕುವುದಲ್ಲ. ಬಳಸುವವರ ಕೈಗೆ ಒಗ್ಗಿಸುವುದು, ಒಗ್ಗಿಸಿದ್ದೆಷ್ಟೆಂಬ ಲೆಕ್ಕವನ್ನು ಪ್ರಾಮಾಣಿಕವಾಗಿ ಇಡುವುದು.

ಈಗ ಭಾನುವಾರದ ಸಂಜೆ ಕುಕ್ಕರಹಳ್ಳಿ ಕೆರೆಯವರೆಗೆ ಹೋಗಿಬರುತ್ತೇನೆ. ಹಿಂದಿನ ಸೀಟಿನಲ್ಲಿ ಮಗ ಇರುತ್ತಾನೆ. ಎಂಜಿನ್ನಿನ ಸದ್ದಿನಲ್ಲಿ ಮಾತು ಸರಿಯಾಗಿ ಕೇಳಿಸದು. ಆದರೂ ಇಬ್ಬರೂ ಮಾತಾಡುತ್ತಲೇ ಇರುತ್ತೇವೆ.